ಗೋಡೆಯಾಚೆ ಬಿದ್ದ ಕೋಟು

ಕರಡಪ್ಪನ ಕೋಟಿಗೆ ನುಸಿಗುಳಿಗೆಯ ವಾಸನೆ ಹತ್ತಿತ್ತು. ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಇಷ್ಟೇ. ಮದುವೆಗೆಂದು ಹೊಲಿಸಿದ ಕಪ್ಪು ಕೋಟು ಅದು. ಆಮೇಲೆ ಕೋಟು ತೊಡುವಂಥ ಸಂದರ್ಭ ಅವನ ಬಾಳಿನಲ್ಲಿ ಬಂದೇ ಇರಲಿಲ್ಲವಾದ್ದರಿಂದ ಬೀರುವಿನ ಮೂಲೆಯಲ್ಲಿ ಮಗ್ಗುಲು ಬದಲಿಸದೆ ಮಲಗಿತ್ತು. ಬೆಳಗ್ಗೆ ಹೆಂಡತಿ ಅದನ್ನು ಹೊರತೆಗೆದು ಮೂಗಿನ ಹತ್ತಿರ ತಂದವಳು ಹಾಗೇ ಕೈ ಉದ್ದ ಮಾಡಿ ದೂರ ಹಿಡಿದಳು.

"ಇದನ್ನ ಹಾಕ್ಕೊಂಡು ಸಂದರ್ಶನಕ್ಕೆ ಹೋದ್ರೆ ನಿಮ್ಮನ್ನ ವಿದೇಶಕ್ಕೆ ಕಳಿಸಲ್ಲ ರೀ, ವಾಪಸ್ ಬೀರುವಿಗೇ ಕಳಿಸ್ತಾರೆ. ಸ್ವಲ್ಪ ಹೊತ್ತು ಗಾಳಿಗೆ ಹಾಕ್ತೀನಿ."

ಮಹಡಿಯ ಮೇಲಿನ ಹಗ್ಗಕ್ಕೆ ಹಾಕಿ ಬಂದಳು. ಗಾಳಿ ಅದನ್ನು ತನಗೇ ಕೊಟ್ಟದ್ದೆಂದು ತಿಳಿಯಿತು.

ಕರಡಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕಚೇರಿ ಇಟ್ಟದ್ದು. ವಿದೇಶಾಂಗ ಸಚಿವಾಲಯದಲ್ಲಿ ಬೇರೆ ದೇಶಗಳಿಗೆ ಹೋಗುವ ಪತ್ರಗಳ ಕರಡು ಬರೆಯುವುದು ಅವನ ಕೆಲಸ. ಈ ಪತ್ರಗಳ ರೀತಿಯೇ ಬೇರೆ. ಇವುಗಳಲ್ಲಿ 'ನಾನು' ಎಂಬ ಮಾತಿಲ್ಲ, ಕೊನೆಗೆ ಸಹಿಯೂ ಇಲ್ಲ. ಸಚಿವಾಲಯವೇ ಎದ್ದು ನಿಂತು ಕೈಮುಗಿದು ಮಾತಾಡಿದ ಹಾಗೆ, "ಸಚಿವಾಲಯವು ಮಾನ್ಯ ರಾಯಭಾರ ಕಚೇರಿಗೆ ತನ್ನ ಗೌರವಪೂರ್ವಕ ವಂದನೆಗಳನ್ನು ಸಲ್ಲಿಸುತ್ತ" ಎಂದು ಶುರುವಾಗಿ, "ತನ್ನ ಅತ್ಯುನ್ನತ ಗೌರವದ ಭರವಸೆಯನ್ನು ಮತ್ತೊಮ್ಮೆ ನೀಡುತ್ತದೆ" ಎಂದು ಮುಗಿಯುತ್ತವೆ. ಎದುರಿನ ದೇಶವನ್ನು ಬಾಯಿಗೆ ಬಂದಂತೆ ಬೈಯುವುದಿದ್ದರೂ ಮೊದಲು ವಂದನೆ, ಕೊನೆಗೆ ಗೌರವ, ಬೈಗುಳವೆಲ್ಲ ನಡುವೆ. ಕೆಳಗಿನ ಮೂಲೆಯಲ್ಲಿ ಬರೆದವನ ಪುಟ್ಟ ಗುರುತು ಮಾತ್ರ ಇರುತ್ತದೆ. ಇಂಥವನ್ನೇ ಬರೆದು ಬರೆದು ಕರಡಪ್ಪನ ಕೈ ಎಷ್ಟು ಪಳಗಿಹೋಗಿತ್ತೆಂದರೆ, ಹಾಲಿನವನಿಗೆ 'ನಾಳೆ ಹಾಲು ಬೇಡ' ಎಂದು ಬರೆದಿಟ್ಟ ಚೀಟಿಯಲ್ಲೂ ವಂದನೆ ತಾನಾಗಿ ಬಂದು ಕೂತಿರುತ್ತಿತ್ತು.

ಇಷ್ಟು ದೇಶಗಳಿಗೆ ವಂದನೆ ಸಲ್ಲಿಸಿದ ಮನುಷ್ಯ ಒಂದೇ ಒಂದು ದೇಶದ ಮಣ್ಣನ್ನೂ ತುಳಿದಿರಲಿಲ್ಲ. ಅವನ ಜೊತೆ ಕೆಲಸಕ್ಕೆ ಸೇರಿದವರೆಲ್ಲ ಒಂದಲ್ಲ ಒಂದು ರಾಯಭಾರ ಕಚೇರಿಗೆ ಹೋಗಿ, ಬಣ್ಣಬಣ್ಣದ ಪೆಟ್ಟಿಗೆಗಳೊಂದಿಗೆ ಮರಳಿ, ಅಲ್ಲಿನ ಚಳಿಯ ಬಗ್ಗೆ ಇಲ್ಲಿನವರಿಗೆ ಉಪನ್ಯಾಸ ಕೊಡುತ್ತಿದ್ದರು. ಈಗ ಕೊನೆಗೊಂದು ಜಾಗ ಖಾಲಿಯಿತ್ತು. ವಯಸ್ಸಿನ ಲೆಕ್ಕದಲ್ಲಿ ಅವನಿಗೆ ಇದೇ ಕಡೆಯ ಅವಕಾಶ. ಇದು ಕೈತಪ್ಪಿದರೆ ಮುಂದೆ ಅರ್ಜಿ ಹಾಕುವುದಕ್ಕೂ ಬರುವುದಿಲ್ಲ. ಕಣದಲ್ಲಿದ್ದವರು ಇಬ್ಬರೇ, ಇವನು ಮತ್ತು ಪಕ್ಕದ ಮೇಜಿನ ಸಹೋದ್ಯೋಗಿ. ಸದಾ ಗರಿಗರಿಯಾಗಿ ಇರುತ್ತಿದ್ದ ಆತನನ್ನು ಎಲ್ಲರೂ ಇಸ್ತ್ರಿ ಎಂದೇ ಕರೆಯುತ್ತಿದ್ದರು. ಕರಡು ಬರೆಯುವುದರಲ್ಲಿ ಇಸ್ತ್ರಿ ಕರಡಪ್ಪನ ಹತ್ತಿರಕ್ಕೂ ಬರುವವನಲ್ಲ. ಆದರೆ ಸಂದರ್ಶನ ನಡೆಸುವ ನಿರ್ದೇಶಕರದು ಒಂದು ಕಟ್ಟುನಿಟ್ಟು: ಕೋಟಿಲ್ಲದವನು ಕೋಣೆಯ ಹೊಸಿಲು ದಾಟುವಂತಿಲ್ಲ. ಹೊರದೇಶದಲ್ಲಿ ನಿಲ್ಲುವವನು ಮೊದಲು ಕೋಟಿನಲ್ಲಿ ನಿಲ್ಲುವುದನ್ನು ಕಲಿಯಬೇಕು ಎನ್ನುವುದು ಅವರ ಸಿದ್ಧಾಂತ.

ಹೆಂಡತಿ "ಅಯ್ಯೋ ಕೋಟು" ಎಂದದ್ದು ಕೇಳಿ ಕರಡಪ್ಪ ಅರ್ಧ ಬೋಳಿಸಿದ ಗಡ್ಡದಲ್ಲೇ ಮಹಡಿಗೆ ಓಡಿದ. ಹಗ್ಗ ಬರಿದಾಗಿತ್ತು. ಮನೆಯ ಹಿಂದಿನ ಗೋಡೆಯಾಚೆ, ಒಂದು ಬೇಲಿಗಿಡದ ಮೇಲೆ, ಎಷ್ಟೋ ದಿನದ ಮೇಲೆ ಊರಿಗೆ ಬಂದವನು ಅಣ್ಣನನ್ನು ತಬ್ಬಿಕೊಂಡ ಹಾಗೆ ಕೋಟು ಎರಡೂ ತೋಳು ಚಾಚಿ ಬಿದ್ದಿತ್ತು.

ಬೇರೆ ಯಾರ ಹಿತ್ತಿಲಾಗಿದ್ದರೂ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಗೋಡೆಯಾಚೆ ಇದ್ದದ್ದು ಒಂದು ರಾಯಭಾರ ಕಚೇರಿ, ಅದೂ ನೆರೆಯ ದೇಶದ್ದು. ಎರಡು ದೇಶಗಳ ನಡುವಿನ ಕಡಲಲ್ಲಿ ಒಂದು ಬಂಡೆಯಿದೆ. ಅದರ ಮೇಲೆ ಹಕ್ಕಿಗಳ ಹೊರತು ಯಾರೂ ಕೂತವರಿಲ್ಲ, ಕೂತರೆ ಜಾರುತ್ತದೆ. ಅದು ನಮ್ಮದು, ಅದು ನಮ್ಮದು ಎಂದು ಎರಡೂ ಸರಕಾರಗಳು ಜಗಳ ತೆಗೆದು, ತಂತಮ್ಮ ರಾಯಭಾರಿಗಳನ್ನು ವಾಪಸ್ ಕರೆಸಿಕೊಂಡು, ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಈಗ ಬಂಡೆಯ ನೆನಪೂ ಯಾರಿಗೂ ಅಷ್ಟಾಗಿ ಇರಲಿಲ್ಲ. ರಾಜಿಯಾಗುವ ಆಸೆ ಎರಡು ಕಡೆಗೂ ಇತ್ತು. ಆದರೆ ಮೊದಲು ಕಾಗದ ಬರೆದವರು ತಲೆಬಾಗಿದ ಹಾಗಲ್ಲವೇ? ಅದಕ್ಕೇ ಗಂಡಹೆಂಡಿರ ಮುನಿಸಿನ ಹಾಗೆ ಇಬ್ಬರೂ ಗೋಡೆಗೆ ಮುಖ ಮಾಡಿ ಮಲಗಿದ್ದರು. ಆ ದೊಡ್ಡ ಕಟ್ಟಡದಲ್ಲಿ ಬಾಗಿಲು ಕಿಟಕಿ ನೋಡಿಕೊಳ್ಳಲು ಒಬ್ಬ ಅಧಿಕಾರಿಣಿಯನ್ನು ಬಿಟ್ಟು ಮಿಕ್ಕವರೆಲ್ಲ ತಮ್ಮ ದೇಶಕ್ಕೆ ಮರಳಿದ್ದರು. ಆಕೆ ದಿನಾ ಬೆಳಗ್ಗೆ ತೋಟದ ಗಿಡಗಳಿಗೆ ನೀರು ಹಾಕುತ್ತಿದ್ದರು. ಅವತ್ತೂ ಹಾಕುತ್ತಿದ್ದರು.

"ಮೇಡಂ, ಆ ಕೋಟು ನಂದು. ಸ್ವಲ್ಪ ಎತ್ತಿ ಕೊಡ್ತೀರಾ?" ಕೆಳಗಿಳಿದು ಬಂದು ಗೋಡೆಯ ಮೇಲಿಂದ ಬಗ್ಗಿ ಕೇಳಿದ ಕರಡಪ್ಪ.

ಆಕೆ ನೀರಿನ ಪಾತ್ರೆ ಕೆಳಗಿಟ್ಟು, ಕೋಟನ್ನು ಎತ್ತಿ, ಅಂಟಿದ್ದ ಎಲೆಗಳನ್ನು ಒಂದೊಂದಾಗಿ ತೆಗೆದು, ಗೋಡೆಯ ಹತ್ತಿರ ಬಂದು ಕೈ ಚಾಚಿದರು. ಕರಡಪ್ಪನೂ ಕೈ ಚಾಚಿದ. ಇನ್ನು ಗೇಣುದ್ದ ಬಾಕಿಯಿತ್ತು.

"ನಿಲ್ಲು," ಎಂದಿತು ಪಕ್ಕದ ಮಹಡಿಯಿಂದ ಒಂದು ದನಿ.

ಅದು ಕಲಮು ತಾತನ ದನಿ. ಇದೇ ಸಚಿವಾಲಯದಲ್ಲಿ ಕಾನೂನು ಸಲಹೆಗಾರರಾಗಿದ್ದು ನಿವೃತ್ತರಾದವರು. ಯಾವ ಮಾತು ಬಂದರೂ ಇಂಥ ಕಾಯಿದೆಯ ಇಂಥ ಕಲಮು ಎಂದು ಹೇಳದೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ. ಬೆಳಗಿನ ಪತ್ರಿಕೆಯನ್ನು ಕೊನೆಯ ಜಾಹೀರಾತಿನವರೆಗೂ ಓದಿ ಮುಗಿಸಿದ ಮೇಲೆ, ಬೀದಿಯಲ್ಲಿ ಯಾರಾದರೂ ತಪ್ಪು ಮಾಡುತ್ತಿದ್ದಾರೆಯೇ ಎಂದು ನೋಡುವುದು ಅವರ ದಿನಚರಿ.

"ಕೈ ಹಿಂದಕ್ಕೆ ತಗೋ. ನಿನ್ನ ಕೈ ಗೋಡೆ ದಾಟಿದೆ. ಅದು ರಾಯಭಾರ ಕಚೇರಿಯ ಆವರಣ. ಅವರ ಅಪ್ಪಣೆ ಇಲ್ಲದೆ ನಮ್ಮ ಪೊಲೀಸರೇ ಅಲ್ಲಿ ಕಾಲಿಡೋ ಹಾಗಿಲ್ಲ. ನೀನು ಕೈ ಇಡ್ತಾ ಇದ್ದೀಯ."

"ತಾತ, ಅವರೇ ಕೊಡ್ತಾ ಇದ್ದಾರಲ್ಲ."

"ಕೊಡೋದಕ್ಕೆ ಅವರಿಗೇನು ಅಧಿಕಾರ? ನಾಲ್ಕು ವರ್ಷದಿಂದ ಒಂದು ಚೂರು ಕಾಗದ ಆಚೀಚೆ ಹೋಗಿಲ್ಲ. ಹೀಗಿರುವಾಗ ನಮ್ಮ ಸರಕಾರಿ ನೌಕರನ ಕೋಟು ಆ ಕಡೆ ಹೋಗಿ ಈ ಕಡೆ ಬರಬಹುದಾ? ನಾಳೆ ಯಾರಾದ್ರೂ ಕೇಳಿದ್ರೆ ಏನು ಹೇಳ್ತೀಯಮ್ಮ?"

ಕಡೆಯ ಪ್ರಶ್ನೆ ಅಧಿಕಾರಿಣಿಗೆ. ಆಕೆಯ ಕೈ ಅಲ್ಲೇ ನಿಂತಿತು. ಯಾವ ದೇಶದವರೇ ಆಗಲಿ, ಸರಕಾರಿ ಕೆಲಸದಲ್ಲಿರುವವರನ್ನು 'ನಾಳೆ ಯಾರಾದರೂ ಕೇಳಿದರೆ' ಎಂಬ ಮಾತು ನಡುಗಿಸಿದಷ್ಟು ಇನ್ನಾವುದೂ ನಡುಗಿಸುವುದಿಲ್ಲ.

"ಹಿರಿಯರು ಹೇಳೋದು ಸರಿ," ಎಂದರು ಆಕೆ ಮೆಲ್ಲಗೆ. "ಹಾಗೇ ಕೊಟ್ರೆ ನನಗೆ ತೊಂದರೆ ಆಗ್ಬಹುದು. ಒಂದು ಸಾಲು ಬರೆದುಕೊಡಿ, ಸಾಕು. ಕೋಟು ನಂದು, ವಾಪಸ್ ಕೊಡಿ ಅಂತ."

ಒಂದು ಸಾಲು ತಾನೇ, ಕರಡಪ್ಪನಿಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಮನೆಯೊಳಗೆ ಓಡಿ ಬಂದು ಕೈಗೆ ಸಿಕ್ಕಿದ ಹಾಳೆ ಎಳೆದುಕೊಂಡ. ಕಚೇರಿಯಲ್ಲಿ ಮಸಿ ಬಿದ್ದು ಮೂಲೆಗೆ ತಳ್ಳಿದ ಹಾಳೆಗಳನ್ನು ಮಗಳ ಲೆಕ್ಕದ ಅಭ್ಯಾಸಕ್ಕೆಂದು ಅವನು ಮನೆಗೆ ತರುತ್ತಿದ್ದ. ಅಂಥದೇ ಒಂದು, ತಲೆಯ ಮೇಲೆ ಸಚಿವಾಲಯದ ಮುದ್ರೆ ಹೊತ್ತದ್ದು. ಸಂದರ್ಶನದಲ್ಲಿ ಏನು ಕೇಳಬಹುದು ಎಂದು ಯೋಚಿಸುತ್ತಲೇ ಲೇಖನಿ ಹಿಡಿದ. ತಲೆ ಸಂದರ್ಶನದಲ್ಲಿತ್ತು. ಕೈ ತನಗೆ ಗೊತ್ತಿದ್ದ ಕೆಲಸ ಮಾಡಿತು.

"ವಿದೇಶಾಂಗ ಸಚಿವಾಲಯವು ಮಾನ್ಯ ರಾಯಭಾರ ಕಚೇರಿಗೆ ತನ್ನ ಗೌರವಪೂರ್ವಕ ವಂದನೆಗಳನ್ನು ಸಲ್ಲಿಸುತ್ತ, ಈ ದಿನ ಬೆಳಗ್ಗೆ ಗಾಳಿಯ ಕಾರಣದಿಂದ ಮಾನ್ಯ ಕಚೇರಿಯ ಆವರಣವನ್ನು ಪ್ರವೇಶಿಸಿರುವ ಕಪ್ಪು ಕೋಟೊಂದರ ವಿಷಯದಲ್ಲಿ ಮಾನ್ಯ ಕಚೇರಿಯ ಸೌಹಾರ್ದಯುತ ಸಹಕಾರವನ್ನು ಕೋರುತ್ತದೆ, ಹಾಗೂ ಈ ಸಂದರ್ಭದಲ್ಲಿ ತನ್ನ ಅತ್ಯುನ್ನತ ಗೌರವದ ಭರವಸೆಯನ್ನು ಮತ್ತೊಮ್ಮೆ ನೀಡುತ್ತದೆ."

ಕೆಳಗಿನ ಮೂಲೆಯಲ್ಲಿ ತನ್ನ ಗುರುತು ಹಾಕಿ, ಮತ್ತೊಮ್ಮೆ ಓದದೆ ಮಡಚಿ, ಗೋಡೆಯ ಮೇಲಿಂದ ಚಾಚಿದ. ಈ ಸಲ ಕಲಮು ತಾತ ತಡೆಯಲಿಲ್ಲ, ಕಾಗದ ಕಂಡರೆ ಅವರಿಗೆ ಸಮಾಧಾನ.

ಅಧಿಕಾರಿಣಿ ಒಮ್ಮೆ ನಿಂತು ಓದಿದರು. ಇನ್ನೊಮ್ಮೆ ತೋಟದ ಬೆಂಚಿನ ಮೇಲೆ ಕೂತು ಓದಿದರು. ಮೂಲೆಯ ಗುರುತಿನ ಮೇಲೆ ಬೆರಳಾಡಿಸಿದರು.

"ಈ ಗುರುತು ನನಗೆ ಗೊತ್ತು," ಎಂದರು. "ಜಗಳಕ್ಕೆ ಮುಂಚೆ ನಿಮ್ಮ ಕಡೆಯಿಂದ ಬರ್ತಿದ್ದ ಎಲ್ಲ ಪತ್ರಗಳಲ್ಲೂ ಇದೇ ಇರ್ತಿತ್ತು."

"ಹೌದು ಮೇಡಂ, ನಂದೇ ಅದು. ಈಗ ಕೋಟು..."

ಅಷ್ಟರಲ್ಲಿ ಆಕೆ ಪತ್ರವನ್ನೂ ಕೋಟನ್ನೂ ಎದೆಗವುಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು.

ಕರಡಪ್ಪ ಗೋಡೆಗೆ ಒರಗಿ ಕಾದ. ಅರ್ಧ ಗಡ್ಡದ ಸೋಪು ಒಣಗಿ ಚರ್ಮ ಬಿಗಿಯಿತು. ಕೊನೆಗೆ ಬಾಗಿಲು ತೆರೆದಾಗ ಆಕೆ ಸೀರೆ ಬದಲಿಸಿ, ತಲೆ ಬಾಚಿ, ಬರಿಗೈಯಲ್ಲಿ ಬಂದರು.

"ನಿಮ್ಮ ಸರಕಾರದ ಪತ್ರವನ್ನ ನಮ್ಮ ರಾಜಧಾನಿಗೆ ಫೋನಿನಲ್ಲಿ ಓದಿ ಹೇಳಿದ್ದೀನಿ. ತುಂಬ ಸಂತೋಷಪಟ್ರು. ಇವತ್ತೇ ಉತ್ತರ ಬರುತ್ತೆ."

"ಯಾವ ಸರಕಾರ ಮೇಡಂ? ನಾನು ಕೋಟಿಗೆ..."

"ಕೋಟಿನ ವಿಷಯ ಅದರಲ್ಲೇ ಇದೆಯಲ್ಲ. ಎಲ್ಲ ಒಟ್ಟಿಗೇ ತೀರ್ಮಾನ ಆಗುತ್ತೆ."

ಆಗ ಕರಡಪ್ಪನಿಗೆ ತಾನು ಬರೆದದ್ದು ಅಕ್ಷರ ಅಕ್ಷರವಾಗಿ ನೆನಪಾಯಿತು. ಅವನು ಪಕ್ಕದ ಮಹಡಿಯತ್ತ ನೋಡಿದ. ಕಲಮು ತಾತ ಕಣ್ಣುಮುಚ್ಚಿ ಯೋಚಿಸುತ್ತಿದ್ದರು.

"ಸಚಿವಾಲಯದ ಪರವಾಗಿ ಪತ್ರ ಬರೆಯೋ ಅಧಿಕಾರ ನಿನಗಿಲ್ಲ," ಎಂದರು ಕೊನೆಗೆ. "ಆದರೆ ಒಕ್ಕಣೆ ಮಾತ್ರ ಅಪ್ಪಟವಾಗಿದೆ. ಕೆಲಸದಿಂದ ತೆಗೆದ್ರೂ ಅದನ್ನ ಹೊಗಳಿಯೇ ತೆಗೀತಾರೆ."

ಕಚೇರಿಗೆ ಹೋಗುವ ದಾರಿಯುದ್ದಕ್ಕೂ ಕರಡಪ್ಪ ಎರಡು ಚಿಂತೆಗಳನ್ನು ಮಾಡಿದ. ಒಂದು, ಕೆಲಸ ಹೋಗುತ್ತದೆ. ಇನ್ನೊಂದು, ಕೆಲಸ ಹೋಗದಿದ್ದರೆ ಸಂದರ್ಶನಕ್ಕೆ ಕೋಟಿಲ್ಲ. ಮೊದಲನೆಯದು ತನ್ನ ಕೈಮೀರಿದ್ದಾದ್ದರಿಂದ ಎರಡನೆಯದನ್ನು ಹಿಡಿದುಕೊಂಡ. ನೇರವಾಗಿ ಇಸ್ತ್ರಿಯ ಮೇಜಿಗೆ ಹೋದ.

"ನಿಂದು ಮುಗಿದ ಮೇಲೆ ನಿನ್ನ ಕೋಟನ್ನ ಸ್ವಲ್ಪ ಹೊತ್ತು ಕೊಡ್ತೀಯಾ?"

ಇಸ್ತ್ರಿ ತನ್ನ ತೋಳಿನ ಮೇಲಿನ ಕಾಣದ ಧೂಳನ್ನು ಊದಿದ. "ಬೇರೆ ದಿನ ಆಗಿದ್ರೆ ಬೇಡ ಅಂತಿದ್ನಾ? ಆದ್ರೆ ನಾನು ಹಾಕ್ಕೊಂಡು ಬಂದದ್ದನ್ನೇ ನೀನೂ ಹಾಕ್ಕೊಂಡು ಬಂದ್ರೆ ಸಾಹೇಬರಿಗೆ ನಾನೇ ಎರಡು ಸಲ ಬಂದ ಹಾಗನ್ನಿಸುತ್ತೆ. ನಿನಗೇ ನಷ್ಟ."

ಕರಡಪ್ಪ ಬಾಗಿಲಿನ ಕಾವಲುಗಾರನ ಹತ್ತಿರ ಹೋದ. ಕಾವಲುಗಾರ ಒಳ್ಳೆಯವನು, ಹಿಂದುಮುಂದು ನೋಡದೆ ತನ್ನ ನೀಲಿ ಕೋಟು ಬಿಚ್ಚಿಕೊಟ್ಟ. ಹಿತ್ತಾಳೆಯ ಗುಂಡಿಗಳು, ಭುಜದ ಮೇಲೆ ಜರಿ, ತೋಳು ಮಾತ್ರ ಕರಡಪ್ಪನ ಬೆರಳು ಮುಚ್ಚುವಷ್ಟು ಉದ್ದ. ಅದನ್ನು ತೊಟ್ಟು ಕನ್ನಡಿ ಹುಡುಕುತ್ತ ಎರಡು ಹೆಜ್ಜೆ ನಡೆದಿದ್ದನೋ ಇಲ್ಲವೋ, ಯಾರೋ ಹಿರಿಯರು ಬಂದು ಕೈಗೆ ಕಾರಿನ ಕೀಲಿ ಕೊಟ್ಟು, "ನೆರಳಲ್ಲಿ ನಿಲ್ಲಿಸಪ್ಪ" ಎಂದು ಒಳಗೆ ಹೋದರು. ಅವರ ಹಿಂದೆ ಬಂದ ಇನ್ನೊಬ್ಬರು ತಮ್ಮ ಕೊಡೆ ಕೊಟ್ಟರು. ಕರಡಪ್ಪನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಒಂದು ಕೈಯಲ್ಲಿ ಕೀಲಿ, ಇನ್ನೊಂದರಲ್ಲಿ ಕೊಡೆ ಹಿಡಿದು ಇಂಗು ತಿಂದ ಮಂಗನಂತೆ ನಿಂತಿರುವಾಗಲೇ ಮೇಲಿಂದ ಕರೆ ಬಂತು: ನಿರ್ದೇಶಕರು ಕರಡು ವಿಭಾಗದವರನ್ನು ಕೂಡಲೇ ಕರೆಯುತ್ತಿದ್ದಾರೆ.

ನಿರ್ದೇಶಕರು ಎಂದೂ ದನಿ ಏರಿಸದ ಮನುಷ್ಯ. ಅವರು ಮೆಲ್ಲಗೆ ಮಾತಾಡಿದಷ್ಟೂ ಎದುರಿಗಿದ್ದವರಿಗೆ ಹೆಚ್ಚು ಬೆವರು. ಕರಡಪ್ಪ ಕಾವಲುಗಾರನ ಕೋಟು ಬಿಚ್ಚಿಟ್ಟು ಬರಿ ಅಂಗಿಯಲ್ಲಿ ಎದುರು ನಿಂತಾಗ ಅವರ ಮೇಜಿನ ಮೇಲೆ ಒಂದು ಕಾಗದವಿತ್ತು.

"ನೆರೆಯ ದೇಶದಿಂದ ಉತ್ತರ ಬಂದಿದೆ," ಎಂದರು. "ನಮ್ಮ ಪತ್ರಕ್ಕೆ. ನಾಲ್ಕು ವರ್ಷದ ಮೇಲೆ ನಾವು ಬರೆದ ಸೌಹಾರ್ದಯುತ ಪತ್ರವನ್ನ ಅವರು ಹೃತ್ಪೂರ್ವಕವಾಗಿ ಸ್ವಾಗತಿಸಿದ್ದಾರೆ. ಇವತ್ತು ಸಂಜೆಯೇ ಕೋಟನ್ನ ಸಕಲ ಗೌರವದೊಂದಿಗೆ ಹಿಂದಿರುಗಿಸ್ತಾರಂತೆ. ಮುಂದಿನ ವಾರ ರಾಯಭಾರಿಗಳನ್ನ ಕಳಿಸೋಣ ಅಂದಿದ್ದಾರೆ. ನಾವು ಯಾವ ಪತ್ರ ಬರೆದ್ವಿ?"

ಕರಡಪ್ಪ ತಲೆ ತಗ್ಗಿಸಿದ. "ನಾನು ಬರೆದೆ ಸಾರ್. ಕೋಟಿಗೆ."

ಆಮೇಲೆ ಎಲ್ಲವನ್ನೂ ಹೇಳಿಬಿಟ್ಟ: ನುಸಿಗುಳಿಗೆ, ಗಾಳಿ, ಬೇಲಿಗಿಡ, ತಾತ, ಮಗಳ ಲೆಕ್ಕದ ಹಾಳೆ. ನಿರ್ದೇಶಕರು ಕಿಟಕಿಯತ್ತ ತಿರುಗಿ ನಿಂತರು. ಕರಡಪ್ಪ ಮನಸ್ಸಿನಲ್ಲೇ ತನ್ನ ಮೇಜಿನ ಮೇಲಿನ ಸಾಮಾನುಗಳನ್ನು ಒಂದು ಚೀಲಕ್ಕೆ ತುಂಬಿಕೊಂಡ.

"ಮಂತ್ರಿಗಳು ನಾಲ್ಕು ವರ್ಷದಿಂದ ಒಂದೇ ದಾರಿ ಹುಡುಕ್ತಾ ಇದ್ರು," ಎಂದರು ನಿರ್ದೇಶಕರು ಕೊನೆಗೆ. "ನಾವು ಮೊದಲು ಬರೆದ ಹಾಗೂ ಇರಬಾರದು, ಪತ್ರ ಹೋಗಲೂ ಬೇಕು. ಈಗ ನೋಡು, ನಾವು ಬರೆದದ್ದು ಕೋಟಿಗೆ. ರಾಜಿಯ ಮಾತು ಮೊದಲು ಎತ್ತಿದವರು ಅವರು. ಅವರ ಲೆಕ್ಕದಲ್ಲಿ ಮೊದಲು ಬರೆದವರು ನಾವು. ಇಬ್ಬರ ಮಾನವೂ ಉಳೀತು." ಅವರು ತಿರುಗಿದರು. ಮುಖದಲ್ಲಿ ನಗು ಇತ್ತು. "ಒಳ್ಳೆ ಕೆಲಸ ಮಾಡಿದ್ದೀಯ. ಇನ್ನೊಮ್ಮೆ ಮಾಡಬೇಡ."

ಕರಡಪ್ಪನ ಜೀವ ಜಾಗಕ್ಕೆ ಬಂದು ಕೂತಿತು. ಇಷ್ಟು ವರ್ಷಗಳಲ್ಲಿ ನಿರ್ದೇಶಕರು ಅವನಿಗೆ ಒಳ್ಳೆಯ ಕೆಲಸ ಎಂದದ್ದು ಇದೇ ಮೊದಲು.

"ಸಂಜೆ ಅವರ ಗೇಟಿನ ಹತ್ತಿರ ಚಿಕ್ಕ ಸಮಾರಂಭ. ಪತ್ರಿಕೆಯವರು ಬರ್ತಾರೆ. ಸಂದರ್ಶನ ಅದಾದ ಮೇಲೆ ಇಟ್ಕೊಳೋಣ. ಕೋಟನ್ನ ತಗೊಳ್ಳೋದಕ್ಕೆ..."

"ನಾನೇ ಹೋಗ್ತೀನಿ ಸಾರ್."

ನಿರ್ದೇಶಕರು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಬೇರೆ ದೇಶದ ಸಮಾರಂಭಕ್ಕೆ ಬರಿ ಅಂಗಿಯಲ್ಲಿ ಹೋಗ್ತೀಯಾ? ಕೋಟೆಲ್ಲಿ?"

"ಅದನ್ನೇ ಸಾರ್ ಅಲ್ಲಿ ಕೊಡೋದು."

"ಕೊಟ್ಟ ಮೇಲೆ ಸರಿ. ಕೊಡೋವಾಗ?"

ಕೋಟು ಪಡೆಯಲು ಹೋಗುವವನ ಮೈಮೇಲೆ ಕೋಟು ಇರಬೇಕು; ಅಂಥವನು ವಿಭಾಗದಲ್ಲಿ ಒಬ್ಬನೇ. ಇಸ್ತ್ರಿಯನ್ನು ಕರೆಸಲಾಯಿತು. ಅವನು ಆಗಲೇ ಫೋಟೋಕ್ಕೆ ನಿಂತವನ ಹಾಗೆ ಬಾಗಿಲಲ್ಲಿ ನಿಂತ. ಮುಗಿದ ಕೂಡಲೇ ಕೋಟನ್ನು ಕರಡಪ್ಪನ ಕೈಗೆ ತಲುಪಿಸುತ್ತೇನೆಂದು ಮಾತು ಕೊಟ್ಟ. ಕರಡಪ್ಪನಿಗೆ ಅಷ್ಟು ಸಾಕಾಗಿತ್ತು.

"ಜಂಟಿ ಹೇಳಿಕೆ ಒಂದು ಬರೀಬೇಕು," ಎಂದರು ನಿರ್ದೇಶಕರು. "ನೀನೇ ಬರಿ, ನಿನ್ನ ಕೈಯೇ ಆಗಬೇಕು. 'ಸಚಿವಾಲಯದ ನೌಕರರೊಬ್ಬರ ಕೋಟನ್ನು ಅವರ ಪರವಾಗಿ ಇನ್ನೊಬ್ಬ ಅಧಿಕಾರಿ ಪಡೆದುಕೊಂಡರು' ಅಂತ ಹಾಕು."

ಕರಡಪ್ಪ ಲೇಖನಿ ಎತ್ತಿದವನು ಹಾಗೇ ನಿಲ್ಲಿಸಿದ. ಹೊರಗೆ ಅವನು ಯಾರೂ ಅಲ್ಲದಿರಬಹುದು, ಒಂದು ವಾಕ್ಯದೊಳಗೆ ಮಾತ್ರ ಅವನು ಯಾರಿಗೂ ಸೊಪ್ಪು ಹಾಕುವವನಲ್ಲ.

"ಸಾರ್, 'ಪರವಾಗಿ' ಅಂದ್ರೆ ಅನುಮಾನಕ್ಕೆ ಜಾಗ ಆಗುತ್ತೆ. ಹಾಗಾದ್ರೆ ನಿಜವಾದ ಮಾಲೀಕ ಯಾರು, ಅವನು ಯಾಕೆ ಬರಲಿಲ್ಲ ಅಂತ ನಾಳೆ ಯಾರಾದ್ರೂ ಕೇಳ್ತಾರೆ. ಎರಡು ದೇಶ ಒಪ್ಪಿದ ಮಾತಿನಲ್ಲಿ ಎಳ್ಳಷ್ಟೂ ಸಂದು ಇರಬಾರದು."

"ಮತ್ತೆ ಏನು ಹಾಕ್ತೀಯ?"

ಕರಡಪ್ಪ ಬರೆದು ಓದಿದ: "ಸದರಿ ಕೋಟನ್ನು ಅದರ ನಿಜವಾದ ಹಾಗೂ ಏಕೈಕ ಮಾಲೀಕರಾದ, ಇಲ್ಲಿ ಉಪಸ್ಥಿತರಿರುವ ಅಧಿಕಾರಿಗೆ ಹಿಂದಿರುಗಿಸಲಾಗಿದೆ ಎಂದು ಉಭಯ ಸರಕಾರಗಳು ಒಪ್ಪಿ ದಾಖಲಿಸುತ್ತವೆ."

ನಿರ್ದೇಶಕರು ತಲೆದೂಗಿದರು. ಇಸ್ತ್ರಿಯೂ ತಲೆದೂಗಿದ. ತನ್ನ ವಾಕ್ಯದ ಅಂದಕ್ಕೆ ತಾನೇ ಮನಸೋತು ಕರಡಪ್ಪ ಅದನ್ನು ಶುದ್ಧ ಪ್ರತಿ ಮಾಡಿಕೊಟ್ಟ.

ಸಂಜೆಯ ಸಮಾರಂಭವನ್ನು ಅವನು ತನ್ನ ಮಹಡಿಯಿಂದಲೇ ನೋಡಿದ. ಅಲ್ಲಿಂದ ಗೇಟು ಚೆನ್ನಾಗಿ ಕಾಣುತ್ತಿತ್ತು. ಬಹಳ ದಿನದ ಮೇಲೆ ಎರಡೂ ದೇಶದ ಬಾವುಟಗಳು ಒಂದರ ಪಕ್ಕ ಒಂದು ಹಾರುತ್ತಿದ್ದವು. ಅಧಿಕಾರಿಣಿ ಬೆಳ್ಳಿಯ ತಟ್ಟೆಯಲ್ಲಿ ಮಡಚಿಟ್ಟ ಕೋಟನ್ನು ಹಿಡಿದು ಬಂದರು. ಯಾರು ಮಾಡಿದರೋ, ಅದಕ್ಕೆ ಚೆನ್ನಾಗಿ ಇಸ್ತ್ರಿಯೂ ಆಗಿತ್ತು. ಕೋಟು ತೊಟ್ಟವನು ಬಾಗಿ ಕೋಟು ಸ್ವೀಕರಿಸಿದ. ಕ್ಯಾಮೆರಾಗಳು ಮಿನುಗಿದವು.

"ನಮ್ಮ ಕೋಟನ್ನ ಅವನ್ಯಾಕೆ ತಗೊಳ್ತಾ ಇದ್ದಾನೆ?" ಎಂದಳು ಹೆಂಡತಿ.

"ಅದು ಶಿಷ್ಟಾಚಾರ. ನಿನಗೆ ಗೊತ್ತಾಗಲ್ಲ," ಎಂದ ಕರಡಪ್ಪ.

ಪಕ್ಕದ ಮಹಡಿಯಲ್ಲಿ ಕಲಮು ತಾತ ಎದ್ದು ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. "ನಾನ್ ತಡೆದದ್ದಕ್ಕೆ ಇಷ್ಟೆಲ್ಲ ಆಯ್ತು ನೋಡು," ಎಂದು ಕೂಗಿ ಹೇಳಿದರು. ಅದೂ ನಿಜವೇ.

ಇಸ್ತ್ರಿ ಮಾತಿಗೆ ತಪ್ಪಲಿಲ್ಲ. ಸಚಿವಾಲಯದ ಮೆಟ್ಟಿಲ ಬಳಿ ಕೋಟನ್ನು ಕರಡಪ್ಪನ ಕೈಗಿಟ್ಟ. ಕರಡಪ್ಪ ಅದನ್ನು ತೊಟ್ಟ, ಗುಂಡಿ ಹಾಕಿದ. ನುಸಿಗುಳಿಗೆಯ ವಾಸನೆ ಹೋಗಿ, ಆಚೆ ತೋಟದ ಯಾವುದೋ ಹೂವಿನ ಪರಿಮಳ ಹತ್ತಿತ್ತು. ಎಷ್ಟೋ ವರ್ಷದ ಮೇಲೆ ತಾನೂ ಒಬ್ಬ ಮನುಷ್ಯ ಎನ್ನಿಸಿ, ಎದೆಯುಬ್ಬಿಸಿ ಸಂದರ್ಶನದ ಕೋಣೆಗೆ ಕಾಲಿಟ್ಟ.

ಮೇಜಿನ ಹಿಂದೆ ನಿರ್ದೇಶಕರೂ ಇನ್ನಿಬ್ಬರು ಅಧಿಕಾರಿಗಳೂ ಇದ್ದರು. ಕೋಟು ಕಂಡದ್ದೇ ಆ ಇಬ್ಬರೂ ಗೌರವದಿಂದ ಎದ್ದು ನಿಂತರು. ಆಮೇಲೆ ಒಳಗಿದ್ದ ಮುಖ ನೋಡಿ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಕೂತರು.

"ಇದು ಆ ಅಧಿಕಾರಿಯ ಕೋಟಲ್ಲವಾ?" ಎಂದರು ಒಬ್ಬರು.

"ಅಲ್ಲ ಸಾರ್, ನಂದು. ಮದುವೆಗೆ ಹೊಲಿಸಿದ್ದು."

ನಿರ್ದೇಶಕರು ಮೆಲ್ಲಗೆ ಗಂಟಲು ಸರಿಮಾಡಿಕೊಂಡರು. "ನೋಡಪ್ಪ, ನಂಗೂ ಗೊತ್ತು. ಆದ್ರೆ ಇದು ಅವನ ಕೋಟು ಅಂತ ಎರಡು ದೇಶಗಳು ಈಗಷ್ಟೇ ಬರೆದುಕೊಂಡಿವೆ. ನಿಜವಾದ ಹಾಗೂ ಏಕೈಕ ಮಾಲೀಕ. ನೀನು ನಿಂದು ಅಂದ್ರೆ ನಾವು ಅವರಿಗೆ ಸುಳ್ಳು ಬರೆದುಕೊಟ್ಟ ಹಾಗಾಗುತ್ತೆ. ಮತ್ತೆ ಆ ಬಂಡೆಯ ಜಗಳಕ್ಕೇ ಹೋಗಿ ನಿಲ್ತೀವಿ."

"ಸಾರ್, ಆ ವಾಕ್ಯದಲ್ಲಿ ಎಲ್ಲಾದ್ರೂ ಒಂದು ಸಂದು..."

"ನಾವೂ ಹುಡುಕಿದ್ವಿ. ಒಂದೂ ಇಲ್ಲ. ತುಂಬ ಚೆನ್ನಾಗಿ ಬರೆದಿದ್ದೀಯ."

ಕರಡಪ್ಪ ವಾಕ್ಯವನ್ನು ಮನಸ್ಸಿನಲ್ಲೇ ಅತ್ತಿತ್ತ ತಿರುಗಿಸಿ ನೋಡಿದ. ನಿಜವಾಗಿಯೂ ಸಂದಿರಲಿಲ್ಲ.

"ಅವನ ಕೋಟನ್ನ ನೀನು ಹಾಕ್ಕೊಂಡು ಕೂತ್ರೆ ಚೆನ್ನಾಗಿರಲ್ಲ," ಎಂದರು ನಿರ್ದೇಶಕರು ಇನ್ನೂ ಮೆಲ್ಲಗೆ. "ಬಿಚ್ಚಿಡು."

ಕರಡಪ್ಪ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಕೋಟನ್ನು ಮಡಚಿ ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಳ್ಳಲು ಹೋದ.

"ಕೂರಬೇಡ," ಎಂದರು ಅವರು ನಿಜವಾದ ಸಂಕಟದಿಂದ. "ಕೋಟಿಲ್ಲದವರ ಸಂದರ್ಶನ ಮಾಡೋ ಹಾಗಿಲ್ಲ. ನಿಯಮ."

ಮನೆಗೆ ಬರುವಾಗ ಕತ್ತಲಾಗುತ್ತಿತ್ತು. ಮಹಡಿಯ ಮೇಲೆ ಸ್ವಲ್ಪ ಹೊತ್ತು ಒಬ್ಬನೇ ಕೂರೋಣ ಎಂದು ಹತ್ತಿದರೆ, ಗೋಡೆಯಾಚೆ ಅಧಿಕಾರಿಣಿ ಪೆಟ್ಟಿಗೆ ಕಟ್ಟಿಕೊಂಡು ಕಾರಿಗಾಗಿ ಕಾಯುತ್ತಿದ್ದರು. ಅವನನ್ನು ಕಂಡು ಹತ್ತಿರ ಬಂದರು.

"ನನ್ನ ವಾಪಸ್ ಕರೆಸ್ಕೊಂಡ್ರು. ನಾಳೆ ಬೆಳಗ್ಗೆ ಊರಲ್ಲಿರ್ತೀನಿ. ಬರುವಾಗ ಮಗನಿಗೆ ಮಾತು ಬರ್ತಿರಲಿಲ್ಲ. ಈಗ ಫೋನಿನಲ್ಲಿ ನನ್ನ ಜೊತೆ ಜಗಳ ಆಡ್ತಾನೆ." ಆಕೆ ನಕ್ಕರು, ಕಣ್ಣಲ್ಲಿ ನೀರಿತ್ತು. "ಎಲ್ಲ ನಿಮ್ಮ ಕೋಟಿನಿಂದ. ನೀವೂ ಎಲ್ಲೋ ಹೊರಡೋರಿದ್ರಿ ಅಲ್ವಾ?"

"ಹೌದು ಮೇಡಂ," ಎಂದ ಕರಡಪ್ಪ. "ಸುಖವಾಗಿ ಹೋಗಿ ಬನ್ನಿ." ಆಕೆಯ ಸಂತೋಷ ಕಂಡು ಅವನಿಗೆ ನಿಜವಾಗಿಯೂ ಸಂತೋಷವಾಯಿತು.

ಕೆಳಗಿನಿಂದ ಹೆಂಡತಿ ಉಸಿರು ಬಿಗಿಹಿಡಿದು ಹತ್ತಿ ಬಂದಳು. ಬೆಳಗಿನಿಂದ ಅವಳು ದೊಡ್ಡ ಪೆಟ್ಟಿಗೆಯ ಬೀಗಕ್ಕೆ ಎಣ್ಣೆ ಬಿಟ್ಟು, ನೆರೆಯವರಿಗೆಲ್ಲ ಹೇಳಿಕೊಂಡು ಬಂದಿದ್ದಳು.

"ಏನಾಯ್ತು ರೀ? ವಿದೇಶಕ್ಕೆ ಹೋಗೋದು ಖಾಯಂ ಆಯ್ತಾ?"

"ಆಯ್ತು. ಮುಂದಿನ ವಾರ ವಿಮಾನ. ಜಾಗ ಬದಲಾಯ್ತು, ಇದೇ ನೆರೆಯ ದೇಶಕ್ಕೆ."

"ಹೌದಾ? ಯಾರ್ಯಾರು ಹೋಗೋದು?"

"ಇಸ್ತ್ರಿ. ಆಮೇಲೆ ನಮ್ಮ ಕೋಟು. ಅದನ್ನ ಹಾಕ್ಕೊಂಡೇ ಬರಬೇಕು ಅಂತ ಅವರು ಕೇಳಿದ್ದಾರಂತೆ."

ಹೆಂಡತಿ ಬರಿದಾದ ಹಗ್ಗವನ್ನು ನೋಡಿದಳು, ಗೋಡೆಯನ್ನು ನೋಡಿದಳು, ಗಂಡನನ್ನು ನೋಡಿದಳು.

"ಹಾಗಾದ್ರೆ ನಾಳೆ ನಿಮ್ಮ ಪ್ಯಾಂಟು ಒಗೆದು ಇದೇ ಹಗ್ಗಕ್ಕೆ ಹಾಕ್ತೀನಿ," ಎಂದಳು. "ಗಾಳಿ ಹೇಗೂ ಆ ಕಡೆಗೇ ಬೀಸ್ತಾ ಇದೆ."